ಮುರಿಯುವುದು, ಒಡೆಯುವುದು, ಹರಿಯುವುದು

ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ಬಟ್ಟೆ ಹರಿಯುತ್ತದೆ. ಮೂರು ಸಂದರ್ಭಗಳಲ್ಲಿಯೂ ನಡೆಯುವ ಕಾರ್ಯ ಒಂದೇ: ಒಂದಾಗಿದ್ದ ವಸ್ತು ಎರಡಾಗುತ್ತದೆ, ಇಲ್ಲವೆ ಹಲವಾಗುತ್ತದೆ. ಆದರೂ ಕನ್ನಡವನ್ನು ಮನೆಯ ಮಾತಾಗಿ ಕಲಿತ ಯಾರೂ 'ಕೋಲು ಹರಿಯಿತು' ಎಂದಾಗಲಿ, 'ಬಟ್ಟೆ ಒಡೆಯಿತು' ಎಂದಾಗಲಿ ಹೇಳುವುದಿಲ್ಲ. ಮಾತು ಕಲಿಯುತ್ತಿರುವ ಕೂಸು ಹಾಗೆಂದರೆ ಮನೆಯವರು ನಕ್ಕು ತಿದ್ದುತ್ತಾರೆ. ಯಾವ ನಿಯಮದಂತೆ ತಿದ್ದಿದಿರಿ ಎಂದು ಕೇಳಿದರೆ ಮಾತ್ರ ಅವರಿಂದ ಉತ್ತರ ಬರುವುದಿಲ್ಲ. ನಿಯಮವು ಅವರ ನಾಲಗೆಗೆ ಗೊತ್ತು. ಅದನ್ನು ಬಿಡಿಸಿ ಹೇಳುವ ಅಗತ್ಯ ಅವರಿಗೆ ಎಂದೂ ಬಿದ್ದಿಲ್ಲ.

ಈ ನಿಯಮವನ್ನು ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ. ವಸ್ತುವಿನ ಭೌತಿಕ ಸ್ವರೂಪಕ್ಕೆ ತಕ್ಕಂತೆ ಕ್ರಿಯಾಪದವು ಬದಲಾಗುವುದು ಜಗತ್ತಿನ ಅನೇಕ ಭಾಷೆಗಳಲ್ಲಿ ಕಂಡುಬರುವ ಸಂಗತಿ. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಭಾಷೆ ಇದಕ್ಕೆ ಹೆಸರಾದ ಉದಾಹರಣೆ. ಮೊದಲು ಅದನ್ನು ಸಂಕ್ಷೇಪವಾಗಿ ನೋಡಿ, ಅನಂತರ ನಮ್ಮ ಮಾತಿಗೆ ಬರೋಣ. ಕನ್ನಡದ ಉದಾಹರಣೆಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಒಂದೇ ಸೀಮೆಯ ಬಾಳಿನಿಂದ ಆರಿಸಿಕೊಳ್ಳೋಣ. ವಿಜಯನಗರ ಜಿಲ್ಲೆಯ ಹಡಗಲಿ ತಾಲ್ಲೂಕಿನ ಇಟ್ಟಿಗಿಯನ್ನೂ ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನೂ ನಮ್ಮ ಪ್ರಯೋಗಶಾಲೆಯೆಂದು ಭಾವಿಸಬಹುದು.

ಚೆರೋಕಿ ಭಾಷೆಯ ಐದು ವರ್ಗಗಳು

ಚೆರೋಕಿ ಜನರ ಮೂಲ ನೆಲೆ ಅಮೆರಿಕದ ಆಗ್ನೇಯ ಭಾಗದ ಬೆಟ್ಟಸೀಮೆ. ೧೮೩೮-೩೯ರಲ್ಲಿ ಅಲ್ಲಿನ ಸರ್ಕಾರವು ಅವರಲ್ಲಿ ಬಹುಪಾಲು ಜನರನ್ನು ಬಲವಂತವಾಗಿ ಪಶ್ಚಿಮಕ್ಕೆ, ಈಗಿನ ಓಕ್ಲಹೋಮಾ ಪ್ರಾಂತಕ್ಕೆ ಅಟ್ಟಿತು. ಅದಕ್ಕೂ ಮೊದಲು, ೧೮೨೧ರ ಹೊತ್ತಿಗೆ, ಅವರಲ್ಲೇ ಒಬ್ಬನಾದ ಸೆಕ್ವೋಯ ಎಂಬಾತನು ತನ್ನ ಭಾಷೆಗೆ ಲಿಪಿಯೊಂದನ್ನು ರಚಿಸಿದ್ದನು. ಅದರಲ್ಲಿ 'ಕ', 'ಕಿ', 'ಕೆ' ಮುಂತಾದ ಒಂದೊಂದು ಉಚ್ಚಾರಕ್ಕೂ ಒಂದೊಂದು ಪ್ರತ್ಯೇಕ ಚಿಹ್ನೆಯಿದೆ.

ಈ ಭಾಷೆಯಲ್ಲಿ 'ಅದನ್ನು ಅವನಿಗೆ ಕೊಡು' ಎಂದು ಹೇಳಬೇಕಾದರೆ ಕೊಡಬೇಕಾದ ವಸ್ತು ಎಂತಹುದೆಂಬುದನ್ನು ಮೊದಲು ಗಮನಿಸಬೇಕು. ನಮ್ಮ ಲಿಪಿಯಲ್ಲಿ ಸ್ಥೂಲವಾಗಿ ಬರೆದರೆ ಆ ಐದು ರೂಪಗಳು ಹೀಗಿವೆ:

ಜೀವವಿರುವ ಪ್ರಾಣಿಯಾದರೆ: ಹಿಕಾಸಿ.
ಬಟ್ಟೆ, ಹಗ್ಗಗಳಂತೆ ಬಳುಕುವ ವಸ್ತುವಾದರೆ: ಹಿನಂಸಿ.
ಪೊರಕೆ, ಪೆನ್ಸಿಲುಗಳಂತೆ ಉದ್ದವಾಗಿ ಬಿಗಿಯಾಗಿರುವ ವಸ್ತುವಾದರೆ: ಹಿದಿಸಿ.
ನೀರಿನಂತಹ ದ್ರವವಾದರೆ: ಹಿನೆಅಂಸಿ.
ಪುಸ್ತಕ, ಆಹಾರ ಮೊದಲಾದ ಉಳಿದ ಅಡಕವಾದ ವಸ್ತುವಾದರೆ: ಹಿಅಂಸಿ.

ಐದು ರೂಪಗಳೂ 'ಹಿ' ಎಂದು ಮೊದಲಾಗಿ 'ಸಿ' ಎಂದು ಮುಗಿಯುತ್ತವೆ. ಮೊದಲಿನ 'ಹಿ' ಎಂಬುದು ಕೊಡತಕ್ಕವನು 'ನೀನು' ಎಂಬುದನ್ನು ತೋರಿಸುತ್ತದೆ. ವಸ್ತುವಿನ ಸ್ವರೂಪವನ್ನು ಹೇಳುವ ಕೆಲಸ ನಡುವಿನ ಭಾಗದ್ದು. ಆದ್ದರಿಂದ ವಸ್ತುವಿನ ಹೆಸರನ್ನು ಹೇಳದೆ 'ಹಿನಂಸಿ' ಎಂದಷ್ಟೇ ಅಂದರೂ, ಕೇಳಿದವನು ಎದುರಿಗಿರುವ ಕಲ್ಲನ್ನು ಬಿಟ್ಟು ಹಗ್ಗಕ್ಕೆ ಕೈಹಾಕುತ್ತಾನೆ. ಈ ಭೇದವು ಎಲ್ಲ ಕ್ರಿಯಾಪದಗಳಿಗೂ ಇಲ್ಲ. ಎತ್ತುವುದು, ಇಡುವುದು, ಹಿಡಿಯುವುದು, ಬಚ್ಚಿಡುವುದು, ತೊಳೆಯುವುದು ಮುಂತಾಗಿ ವಸ್ತುಗಳನ್ನು ಕೈಯಾಡಿಸುವ ಕೆಲವು ಕ್ರಿಯೆಗಳಲ್ಲಿ ಮಾತ್ರ ಇದು ಕಾಣುತ್ತದೆ. ಚೆರೋಕಿಗೆ ರಕ್ತಸಂಬಂಧವುಳ್ಳ ಇತರ ಇರೊಕ್ವಾಯ್ ಭಾಷೆಗಳಲ್ಲಿ ಇಂತಹ ಏರ್ಪಾಡು ಇಲ್ಲವೆಂಬುದು ಗಮನಾರ್ಹ.

ಕನ್ನಡಕ್ಕೂ ಇದಕ್ಕೂ ಇರುವ ಅಂತರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೋಲಾಗಲಿ ನೀರಾಗಲಿ ಕೂಸಾಗಲಿ, ನಮಗೆ 'ಕೊಡು' ಒಂದೇ. ಚೆರೋಕಿಯಲ್ಲಿ ಸ್ವರೂಪಭೇದವು ಒಂದೇ ಕ್ರಿಯೆಯ ರೂಪಗಳಲ್ಲಿ ವ್ಯಾಕರಣದ ಕಟ್ಟಳೆಯಾಗಿ ನಿಂತಿದೆ. ಕನ್ನಡದಲ್ಲಿ ಅದು ಬೇರೆಬೇರೆ ಧಾತುಗಳಲ್ಲಿ ಹಂಚಿಹೋಗಿದೆ. ಅದೂ ಬೇರೆ ಕ್ರಿಯೆಗಳ ಬಳಿ.

ಬಿರುಗಾಳಿಯ ಸುದ್ದಿ

ಬೇಸಿಗೆಯ ಕೊನೆಯಲ್ಲಿ ಬಿರುಗಾಳಿ ಬೀಸಿದ ಮರುದಿನ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ನೆನೆಯಿರಿ. ವಿದ್ಯುತ್ ಕಂಬಗಳು ಮುರಿದವು, ತಂತಿಗಳು ಹರಿದವು, ಮನೆಯ ಹಂಚುಗಳು ಒಡೆದವು. ಗಾಳಿ ಒಂದೇ, ಅದು ಮಾಡಿದ ಹಾನಿಗೆ ಮಾತುಗಳು ಮೂರು.

ಈ ಆಯ್ಕೆಯು ವಸ್ತುವಿನ ಪದಾರ್ಥವನ್ನು ಅನುಸರಿಸುತ್ತದೆಯೋ, ಆಕಾರವನ್ನು ಅನುಸರಿಸುತ್ತದೆಯೋ? ಇದನ್ನು ತಿಳಿಯಲು ವಿಜ್ಞಾನದಲ್ಲಿ ರೂಢಿಯಲ್ಲಿರುವ ಕ್ರಮವನ್ನೇ ಅನುಸರಿಸೋಣ: ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುವುದು.

ಮೊದಲು ಪದಾರ್ಥವನ್ನು ಸ್ಥಿರವಾಗಿಡೋಣ. ಕಬ್ಬಿಣದ ಸಲಾಕೆ ಮುರಿಯುತ್ತದೆ. ಕಬ್ಬಿಣದ ತಂತಿ ಹರಿಯುತ್ತದೆ. ಎರಕದ ಕಬ್ಬಿಣದ ಕಡಾಯಿ ಒಡೆಯುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವರು ಕಬ್ಬಿಣದ ಸರಪಳಿಯನ್ನು ತುಂಡುಮಾಡುವ ಪವಾಡವುಂಟು. ಅದನ್ನು ಜನರು ಸರಪಳಿ ಹರಿಯುವುದು ಎನ್ನುತ್ತಾರೆ. ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿ ಲೋಹ. ಆದರೆ ಇಡಿಯಾಗಿ ನೋಡಿದರೆ ಅದು ಹಗ್ಗದಂತೆ ಬಳುಕುವ ವಸ್ತು. ಮಾತು ಆ ಬಳುಕನ್ನು ಹಿಡಿದಿದೆ, ಲೋಹವನ್ನಲ್ಲ. ಇಷ್ಟರಿಂದ ಆಕಾರವೇ ನಿರ್ಣಾಯಕವೆಂದು ತೋರುತ್ತದೆ.

ಈಗ ಆಕಾರವನ್ನು ಸ್ಥಿರವಾಗಿಟ್ಟು ಪದಾರ್ಥವನ್ನು ಬದಲಿಸೋಣ. ಗಾಜಿನ ಬಳೆ ಒಡೆಯುತ್ತದೆ. ಪ್ಲಾಸ್ಟಿಕ್ಕಿನ ಬಳೆ ಮುರಿಯುತ್ತದೆ. ಎರಡೂ ಒಂದೇ ಅಳತೆಯ ಉಂಗುರಗಳು. ಹಾಗಾದರೆ ಆಕಾರವೊಂದೇ ಸಾಲದು.

ಮೂರನೆಯದಾಗಿ, ಆಕಾರವನ್ನೂ ಪದಾರ್ಥವನ್ನೂ ಸ್ಥಿರವಾಗಿಟ್ಟು ನೋಡೋಣ. ಒಲೆಯಿಂದ ಈಗತಾನೆ ತೆಗೆದ ಮೆತ್ತನೆಯ ಜೋಳದ ರೊಟ್ಟಿಯನ್ನು ಹರಿದು ತಿನ್ನಬಹುದು. ಅದೇ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿಟ್ಟರೆ, ಆಮೇಲೆ ಅದನ್ನು ಮುರಿದೇ ತಿನ್ನಬೇಕು. ಖಡಕ್ ರೊಟ್ಟಿಯನ್ನು ಹರಿದೆನೆಂದು ಯಾರೂ ಹೇಳರು. ಹಿಟ್ಟು ಅದೇ, ದುಂಡಗಿನ ಆಕಾರವೂ ಅದೇ. ಬದಲಾದದ್ದು ನೀರಿನ ಅಂಶ. ಅದರಿಂದಾಗಿ ರೊಟ್ಟಿಯ ಬಳುಕು.

ಮೂರು ಪರೀಕ್ಷೆಗಳನ್ನೂ ಕೂಡಿಸಿದರೆ ನಿಯಮವು ಹೊರಬೀಳುತ್ತದೆ. ಕನ್ನಡದ ಕ್ರಿಯಾಪದವು ನೋಡುವುದು ಬರಿಯ ಆಕಾರವನ್ನಲ್ಲ, ಬರಿಯ ಪದಾರ್ಥವನ್ನೂ ಅಲ್ಲ. ಬಲ ಬಿದ್ದಾಗ ವಸ್ತು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು.

ಭೌತಶಾಸ್ತ್ರ ಏನೆನ್ನುತ್ತದೆ

ಬಿಗಿಯಾದ ಕೋಲನ್ನು ಎರಡು ತುದಿಗಳಲ್ಲಿ ಹಿಡಿದು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗನ್ನು ತಾಳಲಾರದೆ ಸಾಮಾನ್ಯವಾಗಿ ಹೊರಮೈಯಲ್ಲಿ ಬಿರುಕು ಹುಟ್ಟಿ ಅಡ್ಡಲಾಗಿ ಸಾಗುತ್ತದೆ. ಇದು ಮುರಿಯುವುದು. ಹೀಗಾಗಬೇಕಾದರೆ ವಸ್ತುವಿಗೆ ಬಾಗನ್ನು ಎದುರಿಸುವ ಬಿಗುವು ಇರಬೇಕು. ಹಿಡಿದು ಬಾಗಿಸಲು ಉದ್ದವೋ ಅಗಲವೋ ಇರಬೇಕು.

ಹಗ್ಗವನ್ನು ಎಷ್ಟು ಬಾಗಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಅದರ ನೂಲೆಳೆಗಳು ಒಂದರ ಮೇಲೊಂದು ಜಾರಿ ಬಾಗಿಗೆ ಎಡೆಗೊಡುತ್ತವೆ. ಅದನ್ನು ತುಂಡುಮಾಡಬೇಕಾದರೆ ಎಳೆಯಬೇಕು. ಎಳೆತದಿಂದ ಎರಡಾಗುವುದೇ ಹರಿಯುವುದು. ಹಳೆಯ ಮೈಸೂರಿನ ಕಡೆ 'ಹಗ್ಗ ಕಿತ್ತುಹೋಯಿತು' ಎಂದೂ ಹೇಳುವರು. ಅಲ್ಲಿಯೂ ಎಳೆತದ ಭಾವವೇ ಇದೆ.

ಮಡಕೆ, ಗಾಜು, ತೆಂಗಿನಕಾಯಿ, ಕಲ್ಲು, ಇಟ್ಟಿಗೆ ಇವು ಪೆಟ್ಟಿಗೆ ಒಡೆಯುವಂತಹವು. ಇವುಗಳಲ್ಲಿ ಬಿರುಕು ಒಮ್ಮೆ ಹುಟ್ಟಿತೆಂದರೆ ತಡೆಯಿಲ್ಲದೆ ಓಡುತ್ತದೆ. ಎಷ್ಟೋ ವೇಳೆ ಹಲವು ದಿಕ್ಕುಗಳಲ್ಲಿ ಕವಲೊಡೆಯುತ್ತದೆ. ಇಂತಹ ಗುಣವನ್ನು ವಿಜ್ಞಾನದ ಪುಸ್ತಕಗಳು ಭಂಗುರತೆ ಎಂದು ಕರೆಯುತ್ತವೆ.

ನಾಲ್ಕನೆಯ ಒಂದು ಮಾತೂ ಇಲ್ಲಿ ಸೇರತಕ್ಕದ್ದು. ಬಿದಿರನ್ನು ಅಡ್ಡಲಾಗಿ ಮುರಿಯುತ್ತೇವೆ, ಉದ್ದಕ್ಕೆ ಸೀಳುತ್ತೇವೆ. ಬಿದಿರಿನ ನಾರುಗಳು ಉದ್ದಕ್ಕೆ ಹಬ್ಬಿರುವುದರಿಂದ ಅವನ್ನು ಕತ್ತರಿಸುವುದು ಕಷ್ಟ, ಒಂದರಿಂದೊಂದನ್ನು ಬೇರ್ಪಡಿಸುವುದು ಸುಲಭ. ದಿಕ್ಕಿಗೆ ತಕ್ಕಂತೆ ವಸ್ತುವಿನ ಬಲ ಬದಲಾಗುವುದೆಂಬ ಈ ತತ್ತ್ವವನ್ನು ಮೇದಾರರ ಮಾತು ಎರಡು ಧಾತುಗಳಲ್ಲಿ ಹಿಡಿದಿಟ್ಟಿದೆ.

ಒಂದು ಸಂಶಯವನ್ನು ಇಲ್ಲಿ ನಿವಾರಿಸಬೇಕು. ನೀರೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ, ಇದು ಹೇಗೆ? ಹಳಗನ್ನಡದಲ್ಲಿ ಇವು ಎರಡು ಬೇರೆ ಧಾತುಗಳು. ಹೊಳೆಯ ನೀರಿಗೆ 'ಪರಿ' ಎಂದೂ, ತುಂಡಾಗುವ ಹಗ್ಗಕ್ಕೆ 'ಪಱಿ' ಎಂದೂ ಬಳಕೆಯಿತ್ತು. ಮುಂದೆ 'ಪ'ಕಾರವು 'ಹ'ಕಾರವಾಯಿತು. 'ಱ' ಅಕ್ಷರವು ಬಳಕೆ ತಪ್ಪಿ ಸಾಮಾನ್ಯ 'ರ'ದಲ್ಲಿ ಲೀನವಾಯಿತು. ಹೀಗಾಗಿ ಎರಡೂ ಇಂದು ಒಂದೇ ವೇಷದಲ್ಲಿ ಕಾಣುತ್ತಿವೆ.

ಬೀಳುವುದೂ ಚೆಲ್ಲುವುದೂ

ದ್ರವಕ್ಕೆ ಚೆರೋಕಿಯಲ್ಲಿ ಪ್ರತ್ಯೇಕ ವರ್ಗವಿರುವುದನ್ನು ಕಂಡೆವು. ಕನ್ನಡವೂ ದ್ರವವನ್ನು ಬೇರೆಯಾಗಿ ಕಾಣುತ್ತದೆ, ಆದರೆ ಅದರ ಎಲ್ಲೆಯನ್ನು ತನ್ನದೇ ರೀತಿಯಲ್ಲಿ ಎಳೆದಿದೆ. ಕೈಜಾರಿದ ಲೋಟ ಬೀಳುತ್ತದೆ. ಅದರೊಳಗಿನ ಹಾಲು ಚೆಲ್ಲುತ್ತದೆ. ಒಂದು ಜೋಳದ ಕಾಳು ಕೈಯಿಂದ ಬೀಳುತ್ತದೆ. ಒಂದು ಸೇರು ಜೋಳ ಚೆಲ್ಲುತ್ತದೆ. ಕಾಳು ಒಂಟಿಯಾಗಿರುವಾಗ ಅದು ಘನವಸ್ತು, ಗುಂಪಾದಾಗ ದ್ರವದ ಜೊತೆಗಾರ. 'ಸುರಿ' ಎಂಬ ಮಾತಿನಲ್ಲಿಯೂ ಹೀಗೆಯೇ: ಮಳೆ ಸುರಿಯುತ್ತದೆ, ಚೀಲದಿಂದ ಕಾಳನ್ನೂ ಸುರಿಯುತ್ತೇವೆ.

ಇದು ಕೇವಲ ಮಾತಿನ ಚಮತ್ಕಾರವಲ್ಲ. ಮರಳು, ಕಾಳು, ಪುಡಿಗಳಂತಹ ಹರಳುರಾಶಿಗಳು ಹರಿವಿನಲ್ಲಿ ದ್ರವವನ್ನು ಹೋಲುತ್ತವೆ. ನಿಂತಾಗ ಘನದಂತೆ ರಾಶಿಯಾಗಿ ಇಳಿಜಾರನ್ನು ಉಳಿಸಿಕೊಳ್ಳುತ್ತವೆ. ಕಣದಲ್ಲಿ ಜೋಳವನ್ನು ರಾಶಿಮಾಡಬಹುದು, ನೀರನ್ನು ರಾಶಿಮಾಡಲಾಗದು. ಸುರಿಯುವುದರಲ್ಲಿ ಕಾಳನ್ನು ನೀರಿನೊಡನೆ ಕೂಡಿಸಿ, ರಾಶಿಮಾಡುವುದರಲ್ಲಿ ಅದನ್ನು ಕಲ್ಲಿನೊಡನೆ ಕೂಡಿಸುವ ನಮ್ಮ ಮಾತು ಈ ಇಬ್ಬಗೆಯ ಗುಣವನ್ನು ಸರಿಯಾಗಿಯೇ ಗುರುತಿಸಿದೆ.

ಹೊಲದ ಮಾತು

ಬೆಳೆಯನ್ನು ಹೊಲದಿಂದ ಮನೆಗೆ ತರುವ ಕೆಲಸಕ್ಕೆ ಗ್ರಂಥಭಾಷೆಯಲ್ಲಿ 'ಕಟಾವು' ಎಂಬ ಒಂದೇ ಮಾತಿನಿಂದ ನಡೆದುಹೋಗುತ್ತದೆ. ಇಟ್ಟಿಗಿಯ ಸೀಮೆಯ ರೈತನಿಗೆ ಅದು ಸಾಲದು. ಸಜ್ಜೆಯನ್ನು ಕೊಯ್ಯುತ್ತಾರೆ, ಮೆಕ್ಕೆಜೋಳದ ತೆನೆಯನ್ನು ಮುರಿಯುತ್ತಾರೆ, ಹತ್ತಿಯನ್ನು ಬಿಡಿಸುತ್ತಾರೆ, ಶೇಂಗಾ, ಉಳ್ಳಾಗಡ್ಡಿಗಳನ್ನು ಕೀಳುತ್ತಾರೆ, ಕಬ್ಬನ್ನು ಕಡಿಯುತ್ತಾರೆ, ಹುಣಸೆಯನ್ನು ಬಡಿಯುತ್ತಾರೆ.

ಇವುಗಳಲ್ಲಿ ಒಂದೊಂದು ಮಾತೂ ಗಿಡದ ರಚನೆಯನ್ನು ಹೇಳುತ್ತದೆ. ಸಜ್ಜೆಯ ದಂಟು ಕುಡುಗೋಲಿನ ಒಂದೇ ಎಳೆತಕ್ಕೆ ಬರುವಷ್ಟು ಸಣ್ಣದು. ಮೆಕ್ಕೆಜೋಳದ ತೆನೆ ಗಟ್ಟಿಯಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಅದನ್ನು ಕೆಳಕ್ಕೆ ಬಾಗಿಸಿದರೆ ತೊಟ್ಟು ಮುರಿಯುತ್ತದೆ. ಹತ್ತಿಯ ಕಾಯಿ ತಾನೇ ಬಿರಿದು ಅರಳೆಯನ್ನು ಸಡಿಲವಾಗಿ ಹಿಡಿದಿರುವುದರಿಂದ ಬೆರಳಿನಿಂದ ಬಿಡಿಸಿದರೆ ಸಾಕು. ಶೇಂಗಾ ಮಣ್ಣಿನೊಳಗೆ ಬಲಿಯುತ್ತದೆ, ಬುಡಸಮೇತ ಮೇಲೆತ್ತದೆ ಅದು ಸಿಕ್ಕದು. ಗಿಡವನ್ನು ಎಂದೂ ಕಾಣದವನೂ ಈ ಕ್ರಿಯಾಪದಗಳ ಪಟ್ಟಿಯೊಂದರಿಂದಲೇ ಯಾವುದು ನೆಲದೊಳಗೆ, ಯಾವುದು ಮರದ ಮೇಲೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಹಡಗಲಿಯ ಮಲ್ಲಿಗೆಗೆ ದೊಡ್ಡ ಹೆಸರು. ಆ ಒಂದು ಹೂವು ಗಿಡದಿಂದ ತಲೆಗೆ ಬರುವಷ್ಟರಲ್ಲಿ ಮೂರು ಮಾತುಗಳನ್ನು ದಾಟುತ್ತದೆ: ಮೊಗ್ಗನ್ನು ಬಿಡಿಸುವುದು, ದಾರದಲ್ಲಿ ಕಟ್ಟುವುದು, ಬಳಿಕ ಮುಡಿಯುವುದು.

ಎಲ್ಲವೂ ಆಕಾರದ ಪ್ರಭಾವವಲ್ಲ

'ಮುಡಿ' ಎಂಬ ಮಾತಿನಿಂದ ಇನ್ನೊಂದು ಗುಂಪು ನೆನಪಿಗೆ ಬರುತ್ತದೆ. ಸೀರೆ, ಧೋತರಗಳನ್ನು ಉಡುತ್ತೇವೆ, ಅಂಗಿ, ಕುಬಸಗಳನ್ನು ತೊಡುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಕೆರವನ್ನು ಮೆಟ್ಟುತ್ತೇವೆ. 'ಉಡುಗೆ ತೊಡುಗೆ' ಎಂದು ಜೋಡಿಯಾಗಿ ಹೇಳುವಾಗ, ಮೊದಲನೆಯದು ಸುತ್ತಿಕೊಳ್ಳುವ ವಸ್ತ್ರವೆಂದೂ ಎರಡನೆಯದು ತೂರಿಸಿಕೊಳ್ಳುವಂತಹುದೆಂದೂ ನಾವು ನೆನೆಯುವುದಿಲ್ಲ.

ಇದೂ ಆಕಾರದ ವರ್ಗೀಕರಣವೇ ಎಂದು ಆತುರದಿಂದ ಹೇಳಬಾರದು. ಪುನಃ ಅದೇ ಪರೀಕ್ಷೆಗೆ ಒಡ್ಡೋಣ. ಒಂದೇ ಧೋತರವನ್ನು ತೆಗೆದುಕೊಳ್ಳಿ. ಸೊಂಟಕ್ಕಾದರೆ ಉಡುವುದು, ತಲೆಗಾದರೆ ಸುತ್ತುವುದು, ಚಳಿಯಲ್ಲಿ ಮೈಮೇಲೆ ಎಳೆದುಕೊಂಡರೆ ಹೊದೆಯುವುದು. ವಸ್ತು ಬದಲಾಗಲಿಲ್ಲ, ಮಾತು ಬದಲಾಯಿತು. ಆದ್ದರಿಂದ ಇಲ್ಲಿ ವಸ್ತುವಿನ ಸ್ವರೂಪಕ್ಕಿಂತ ದೇಹದ ಭಾಗವೂ ಧರಿಸುವ ರೀತಿಯೂ ಮುಖ್ಯ. ಮೇಲುನೋಟಕ್ಕೆ ಒಂದೇ ಬಗೆಯೆಂದು ಕಾಣುವ ಎರಡು ಸಂಗತಿಗಳನ್ನು ಹೀಗೆ ಬೇರ್ಪಡಿಸುವುದೇ ಶಾಸ್ತ್ರದ ಕೆಲಸ.

ಕಾಣದ ವಸ್ತುಗಳ ಆಕಾರ

ಕೈಗೆ ಸಿಕ್ಕದ ಸಂಗತಿಗಳನ್ನು ಕುರಿತು ಮಾತನಾಡುವಾಗಲೂ ನಾವು ಇದೇ ಧಾತುಗಳನ್ನು ಬಳಸುತ್ತೇವೆ. ಗುಟ್ಟು ಒಡೆಯುತ್ತದೆ, ಋಣ ಹರಿಯುತ್ತದೆ, ಮದುವೆಯ ಮಾತುಕತೆ ಮುರಿಯುತ್ತದೆ. ಒಡೆಯುವ ಗುಟ್ಟು ಬಾಯಿ ಮುಚ್ಚಿದ ಗಡಿಗೆಯಂತೆ; ಒಳಗಿರುವುದು ಹೊರಬರಬೇಕಾದರೆ ಅದು ಒಡೆಯಲೇಬೇಕು. ಋಣವು ಇಬ್ಬರನ್ನು ಕಟ್ಟಿದ ಹಗ್ಗದಂತೆ. ಅದು ಹರಿದರೆ ಬಿಡುಗಡೆ. ಮಾತುಕತೆಯು ನೇರವಾಗಿ ನಿಲ್ಲಿಸಿದ ಗಳುವಿನಂತೆ. ಮುರಿದ ಮೇಲೆ ಗಂಟುಹಾಕಿ ಕೂಡಿಸಲು ಬಾರದು. ಮೂರ್ತ ವಸ್ತುಗಳಿಂದ ಕಲಿತ ವರ್ಗೀಕರಣವನ್ನು ಮನಸ್ಸು ಅಮೂರ್ತಕ್ಕೂ ಹಾಯಿಸಿರುವುದು ಇದರಿಂದ ಕಾಣುತ್ತದೆ.

ಮಾತು ನೋಟವನ್ನು ತಿದ್ದುವುದೆ?

ಇಂತಹ ಭಾಷೆಯನ್ನಾಡುವವರು ಲೋಕವನ್ನು ಬೇರೆಯಾಗಿ ಕಾಣುವರೆ ಎಂಬ ಪ್ರಶ್ನೆಯನ್ನು ಅಮೆರಿಕದ ಕ್ಯಾರಲ್ ಮತ್ತು ಕ್ಯಾಸಗ್ರಾಂಡೆ ಎಂಬ ವಿದ್ವಾಂಸರು ಪ್ರಯೋಗಕ್ಕೆ ಒಳಪಡಿಸಿದರು. ಅದರ ಫಲಿತಾಂಶ ೧೯೫೮ರಲ್ಲಿ ಪ್ರಕಟವಾಯಿತು. ಅವರು ಆರಿಸಿಕೊಂಡದ್ದು ನವಹೋ ಜನರ ಮಕ್ಕಳನ್ನು. ಆ ಭಾಷೆಯಲ್ಲಿಯೂ ಚೆರೋಕಿಯಂತೆ ವಸ್ತುವಿನ ಸ್ವರೂಪಕ್ಕೆ ತಕ್ಕ ಕ್ರಿಯಾರೂಪಗಳಿವೆ. ಮಗುವಿನ ಮುಂದೆ ಒಂದು ಹಳದಿ ಕೋಲನ್ನೂ ಒಂದು ನೀಲಿ ಹಗ್ಗವನ್ನೂ ಇಟ್ಟು, ಹಳದಿ ಹಗ್ಗವೊಂದನ್ನು ತೋರಿಸಿ, ಇದಕ್ಕೆ ಯಾವುದು ಜೊತೆ ಎಂದು ಕೇಳುವುದು ಪ್ರಯೋಗದ ಕ್ರಮ. ಬಣ್ಣವನ್ನು ಹಿಡಿದರೆ ಕೋಲು, ಸ್ವರೂಪವನ್ನು ಹಿಡಿದರೆ ಹಗ್ಗ. ನವಹೋ ಭಾಷೆ ಪ್ರಬಲವಾಗಿದ್ದ ಮಕ್ಕಳು, ಇಂಗ್ಲಿಷು ಪ್ರಬಲವಾಗಿದ್ದ ನವಹೋ ಮಕ್ಕಳಿಗಿಂತ ಹೆಚ್ಚಾಗಿ ಸ್ವರೂಪವನ್ನೇ ಹಿಡಿದರು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ ನಗರದ ಅನುಕೂಲಸ್ಥ ಮನೆಗಳ ಇಂಗ್ಲಿಷ್ ಮಕ್ಕಳೂ ಸ್ವರೂಪವನ್ನೇ ಹೆಚ್ಚಾಗಿ ಆರಿಸಿದರು. ಅಚ್ಚುಗಳಲ್ಲಿ ಆಕಾರಗಳನ್ನು ಕೂಡಿಸುವ ಆಟಿಕೆಗಳು ಅವರಿಗೆ ಆ ಅಭ್ಯಾಸವನ್ನು ಕಲಿಸಿದ್ದಿರಬೇಕೆಂದು ಪ್ರಯೋಗಕಾರರು ವಿವರಿಸಿದರು. ಅಂದರೆ ಸ್ವರೂಪದ ಕಡೆಗೆ ಗಮನ ಸೆಳೆಯುವ ಸಾಧನಗಳಲ್ಲಿ ಭಾಷೆಯೂ ಒಂದು, ಅದೊಂದೇ ಅಲ್ಲ.

ನೆದರ್ಲೆಂಡ್ಸ್ ದೇಶದ ನೈಮೇಗನ್ ನಗರದಲ್ಲಿರುವ ಮಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯವರ ನೇತೃತ್ವದಲ್ಲಿ ಇನ್ನೊಂದು ಅಧ್ಯಯನ ನಡೆದು ೨೦೦೭-೦೮ರಲ್ಲಿ ಪ್ರಕಟವಾಯಿತು. ಕತ್ತರಿಸುವ, ಮುರಿಯುವ, ಹರಿಯುವ ೬೧ ಕಿರುಚಿತ್ರಗಳನ್ನು ೨೮ ಭಾಷೆಗಳ ಜನರಿಗೆ ತೋರಿಸಿ, ಅವರು ಬಳಸಿದ ಕ್ರಿಯಾಪದಗಳನ್ನು ಹೋಲಿಸಲಾಯಿತು. ತಮಿಳೂ ಹಿಂದಿಯೂ ಆ ಭಾಷೆಗಳಲ್ಲಿ ಸೇರಿದ್ದವು. ವರ್ಗಗಳ ಸಂಖ್ಯೆ ಭಾಷೆಯಿಂದ ಭಾಷೆಗೆ ಬೇರೆಯಾಗಿದ್ದರೂ ಮುಖ್ಯ ಗೆರೆಗಳು ಬಹುಮಟ್ಟಿಗೆ ಸಮಾನವಾಗಿದ್ದವು: ಆಯುಧದಿಂದ ಗುರಿಯಿಟ್ಟು ಕತ್ತರಿಸುವುದು ಬೇರೆ, ಹರಿಯುವುದು ಬೇರೆ, ಕೈಯಿಂದ ಮುರಿಯುವುದಕ್ಕೂ ಪೆಟ್ಟಿನಿಂದ ಒಡೆಯುವುದಕ್ಕೂ ಅಂತರವಿದೆ. ನಮ್ಮ ಮೂರು ಧಾತುಗಳು ಈ ಗೆರೆಗಳ ಮೇಲೆಯೇ ನಿಂತಿರುವುದನ್ನು ಓದುಗರು ಗಮನಿಸಬಹುದು.

ಸವೆಯುತ್ತಿರುವ ಭೇದಗಳು

ಚೆರೋಕಿ ಭಾಷೆಯ ಕಿರಿಯ ಪೀಳಿಗೆಯವರು ಐದು ರೂಪಗಳನ್ನೂ ಬಳಸದೆ, ಅಡಕವಾದ ವಸ್ತುಗಳಿಗೆ ಸಲ್ಲುವ ರೂಪವನ್ನೇ ಎಲ್ಲಕ್ಕೂ ಬಳಸುತ್ತಿರುವುದು ವರದಿಯಾಗಿದೆ. ೨೦೧೯ರಲ್ಲಿ ಚೆರೋಕಿ ಜನರ ಮೂರು ಆಡಳಿತಗಳು ಒಟ್ಟುಗೂಡಿ ತಮ್ಮ ಭಾಷೆಯ ವಿಷಯದಲ್ಲಿ ತುರ್ತುಸ್ಥಿತಿಯನ್ನು ಸಾರಿದವು. ಆ ಭಾಷೆಯನ್ನು ಸರಾಗವಾಗಿ ಆಡಬಲ್ಲವರು ಆಗ ಕೆಲವೇ ಸಾವಿರ ಮಂದಿ, ಅವರಲ್ಲಿ ಬಹುಪಾಲು ವೃದ್ಧರು.

ಕನ್ನಡಕ್ಕೆ ಅಂತಹ ಸ್ಥಿತಿ ಬಂದಿಲ್ಲ. ಆದರೆ ಸವೆತದ ಗುರುತುಗಳು ಇಲ್ಲಿಯೂ ಇವೆ. ಸೀರೆ, ಅಂಗಿ, ಹೂ, ಚಪ್ಪಲಿ ಎಲ್ಲವನ್ನೂ 'ಹಾಕಿಕೊಳ್ಳುವ' ರೂಢಿ ಬೆಳೆಯುತ್ತಿದೆ. ತಂತಿಯಾಗಲಿ ತರಕಾರಿಯಾಗಲಿ ಕೂದಲಾಗಲಿ 'ಕಟ್' ಆಗುತ್ತದೆ. ಹೀಗಾದಾಗ ಅರ್ಥವೇನೂ ಕೆಡುವುದಿಲ್ಲ, ವಸ್ತುವಿನ ಹೆಸರು ಜೊತೆಗಿದ್ದರೆ ಕೆಲಸ ನಡೆಯುತ್ತದೆ. ಕೆಡುವುದು ಬೇರೊಂದು: ಒಣಗಿದ ರೊಟ್ಟಿಗೂ ಮೆತ್ತನೆಯ ರೊಟ್ಟಿಗೂ, ಸಲಾಕೆಗೂ ಸರಪಳಿಗೂ ಇರುವ ಭೇದವನ್ನು ಬಾಲ್ಯದಲ್ಲಿಯೇ ಗಮನಿಸುವಂತೆ ಮಾಡುತ್ತಿದ್ದ ಒಂದು ಪಾಠ. ಭಂಗುರ, ನಮ್ಯ ಎಂಬ ಪಾರಿಭಾಷಿಕ 
ಶಬ್ದಗಳನ್ನು ಶಾಲೆಯಲ್ಲಿ ಕಂಠಪಾಠ ಮಾಡುವ ವಿದ್ಯಾರ್ಥಿಗೆ, ಆ ಭೇದ ತನ್ನ ಮಾತಿನಲ್ಲಿ ಆಗಲೇ ಇತ್ತೆಂದು ತೋರಿಸಿಕೊಡುವ ಅವಕಾಶವೂ ಅದರೊಡನೆ ಹೋಗುತ್ತದೆ.

ವಿದ್ಯಾರ್ಥಿಗಳಿಗೆ ಅಭ್ಯಾಸ

೧. ಕಡ್ಡಿ, ದಾರ, ಸೀಮೆಸುಣ್ಣ, ಹಪ್ಪಳ, ಕಾಗದ, ಮೊಟ್ಟೆ, ಕನ್ನಡಿ, ಬಾಳೆ ಎಲೆ, ಕೂದಲು, ಬೆಲ್ಲದ ಅಚ್ಚು: ಈ ಹತ್ತು ವಸ್ತುಗಳ ಪಟ್ಟಿಯನ್ನು ಬರೆದುಕೊಂಡು, ಒಂದೊಂದೂ ಎರಡಾದಾಗ ಯಾವ ಮಾತನ್ನು ಬಳಸುವಿರೆಂದು ಮನೆಯ ಹಿರಿಯರನ್ನೂ ನಿಮ್ಮ ಓರಗೆಯವರನ್ನೂ ಬೇರೆಬೇರೆಯಾಗಿ ಕೇಳಿ. ಉತ್ತರಗಳು ಎಲ್ಲಿ ಬೇರೆಯಾಗುತ್ತವೆಂದು ಗುರುತಿಸಿ.

೨. ಹಪ್ಪಳವನ್ನು ಸುಡುವ ಮೊದಲು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ. ಈಗಲೂ ಅದು ಮುರಿಯುವುದೆ, ಹರಿಯುವುದೆ? ನಿಮ್ಮ ಬಾಯಿಗೆ ತಾನಾಗಿ ಬಂದ ಮಾತನ್ನೇ ಬರೆಯಿರಿ, ಯೋಚಿಸಿ ತಿದ್ದಬೇಡಿ.

೩. ನಿಮ್ಮ ಊರಿನಲ್ಲಿ ಬೆಳೆಯುವ ಬೆಳೆಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದನ್ನೂ ಹೊಲದಿಂದ ತರುವ ಕ್ರಿಯೆಗೆ ರೈತರು ಬಳಸುವ ಮಾತನ್ನು ಅದರ ಎದುರಿಗೆ ಬರೆಯಿರಿ. ಆ ಮಾತಿಗೆ ಗಿಡದ ಯಾವ ಗುಣ ಕಾರಣವೆಂದು ಹೊಲಕ್ಕೆ ಹೋಗಿ ನೋಡಿ. ಇಂತಹ ಪಟ್ಟಿ ಹತ್ತು ಊರುಗಳಿಂದ ಬಂದರೆ ಅದು ಭಾಷೆಯ ಅಧ್ಯಯನಕ್ಕೂ ಕೃಷಿಯ ಅಧ್ಯಯನಕ್ಕೂ ಉಪಯುಕ್ತವಾದ ಸಾಮಗ್ರಿಯಾಗುತ್ತದೆ.